ಹಿಂದಿನ ಬೆಂಚಿನ ಹುಡುಗನಿಗೂ ಪಾಠ ತಲುಪಬೇಕಾದರೆ

ಬೆಂಗಳೂರಿನ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೇನೆ. 42 ಮಕ್ಕಳು, ಕಿಟಕಿಯಾಚೆ ರಸ್ತೆ, ದಿನವಿಡೀ ಹಾರ್ನ್. ವಿಶೇಷ ಅಗತ್ಯವಿರುವ ಮಕ್ಕಳನ್ನೂ ಇದೇ ಕ್ಲಾಸಿನಲ್ಲಿ ಕೂರಿಸಿಕೊಂಡು ಕಲಿಸಿ ಎಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಕೇಳುವ ಮಾತು ಒಂದೇ: ಟೈಮ್ ಎಲ್ಲಿದೆ? ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಟೈಮ್ ಜಾಸ್ತಿ ತಿನ್ನದ ಕೆಲಸಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಒಬ್ಬ ಹುಡುಗನಿದ್ದ. 'ಅಮ್ಮ ಅಕ್ಕಿ ತಂದಳು' ಅಂತ ಉಕ್ತಲೇಖನ ಕೊಟ್ಟರೆ 'ಅಮ ಅಕಿ ತದಳು' ಅಂತ ಬರೆಯುತ್ತಿದ್ದ. ಅರ್ಧ ವರ್ಷ ಅವನ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ 'ಗಮನ ಕೊಟ್ಟು ಬರೆ' ಅಂತ ಬರೆದೇ ಬರೆದೆ. ಒಂದು ದಿನ ಬೀಜ ಮೊಳಕೆಯೊಡೆಯುವ ಪಾಠ. ಹೆಸರುಕಾಳು ಎಷ್ಟು ಹೊತ್ತು ನೆನೆಸಬೇಕು, ಬಟ್ಟೆಯಲ್ಲಿ ಯಾಕೆ ಕಟ್ಟಬೇಕು, ನೀರು ಜಾಸ್ತಿಯಾದರೆ ಯಾಕೆ ವಾಸನೆ ಬರುತ್ತದೆ, ಎಲ್ಲ ಅವನೇ ಎದ್ದು ನಿಂತು ಹೇಳಿದ. ಅದೇ ಪ್ರಶ್ನೆ ಟೆಸ್ಟಿನಲ್ಲಿ ಬಂತು. ಹಾಳೆ ಖಾಲಿ.

ಅಂದರೆ ಅವನಿಗೆ ಗೊತ್ತಿತ್ತು, ಕೈಯಿಂದ ಹಾಳೆಗೆ ಇಳಿಯುತ್ತಿರಲಿಲ್ಲ ಅಷ್ಟೇ. 'ಗೊತ್ತಿಲ್ಲ' ಮತ್ತು 'ಗೊತ್ತಿದೆ, ಬರೆಯಲು ಆಗುತ್ತಿಲ್ಲ', ಇವೆರಡನ್ನು ಬೇರೆ ಮಾಡುವುದೇ ನಮ್ಮ ಮೊದಲ ಕೆಲಸ. ಒಂದು ವಾರ ನೋಟ್‌ಬುಕ್ ನೋಡಿ. ಒತ್ತಕ್ಷರ ಬಿಟ್ಟುಹೋಗುತ್ತಿದೆಯಾ? ದೀರ್ಘ, ಸೊನ್ನೆ ಬಿಡುತ್ತಿದ್ದಾನಾ? 'ಪ'ಗೆ 'ಷ' ಬರೆಯುತ್ತಾನಾ? ಒಂದನೇ ಕ್ಲಾಸಿನಲ್ಲಿ ಎಲ್ಲರೂ ಹೀಗೆ ಮಾಡುತ್ತಾರೆ. ಬಾಯಲ್ಲಿ ಚುರುಕಾಗಿರುವ ಮಗು ನಾಲ್ಕರಲ್ಲೂ ಹಾಗೇ ಬರೆಯುತ್ತಿದ್ದರೆ ಯೋಚಿಸಬೇಕು. ಆದರೆ ಬ-ಭ, ದ-ಧ ಅದಲುಬದಲಾದರೆ ತಲೆ ಕೆಡಿಸಿಕೊಳ್ಳಬೇಡಿ, ಅಲ್ಪಪ್ರಾಣ ಮಹಾಪ್ರಾಣ ನಮ್ಮಲ್ಲಿ ದೊಡ್ಡವರಿಗೇ ತಪ್ಪುತ್ತದೆ. ಇನ್ನೊಂದು, ಇದು ಬೆಂಗಳೂರು. ಮನೆಯಲ್ಲಿ ತಮಿಳು, ಉರ್ದು, ತೆಲುಗು ಮಾತಾಡುವ ಮಗುವಿಗೆ ಕನ್ನಡ ಹೊಸದಾಗಿರಬಹುದು. ಮನೆಮಾತಿನಲ್ಲಿ ಕಥೆ ಹೇಳಲು ಬರುತ್ತದಾ, ಆ ಭಾಷೆಯ ಅಕ್ಷರ ಕಲಿತಿದ್ದರೆ ಓದಲು ಬರುತ್ತದಾ ಅಂತ ಕೇಳದೆ ಏನನ್ನೂ ತೀರ್ಮಾನಿಸಬೇಡಿ.

ಒತ್ತಕ್ಷರಕ್ಕೆ ನನಗೆ ಕೈ ಹಿಡಿದ ಉಪಾಯ ಇದು. 'ಅಮ್ಮ' ಅಂತ ಎರಡು ಚಪ್ಪಾಳೆಯಲ್ಲಿ ಹೇಳಿಸಿ: ಅಮ್, ಮ. ಮೊದಲ ಚಪ್ಪಾಳೆಯ ಕೊನೆಗೆ ತುಟಿ ಮುಚ್ಚಿಕೊಂಡಿತಲ್ಲ, ಅಲ್ಲೇ ಇನ್ನೊಂದು 'ಮ' ಇದೆ ಅಂತ ತೋರಿಸಿ. ಆಮೇಲೆ ಬೋರ್ಡಿನ ಮೇಲೆ ಅಕ್ಷರ ಬಿಳಿ ಸೀಮೆಸುಣ್ಣದಲ್ಲಿ, ಕೆಳಗಿನ ಒತ್ತು ಹಳದಿಯಲ್ಲಿ. ತಟ್ಟೆಯಲ್ಲಿ ಸ್ವಲ್ಪ ರಾಗಿಹಿಟ್ಟು ಹರಡಿ ಬೆರಳಲ್ಲಿ ಬರೆಸಿ, ತಪ್ಪಿದರೆ ಅಲ್ಲಾಡಿಸಿದರೆ ಆಯಿತು, ಕೆಂಪು ಇಂಕಿನ ಗುರುತೇ ಉಳಿಯುವುದಿಲ್ಲ. ದಿನಕ್ಕೆ ಐದು ಪದ ಸಾಕು. ಉಕ್ತಲೇಖನದಲ್ಲಿ ಉಳಿದವರಿಗೆ ಹತ್ತು ಪದವಾದರೆ ಇವನಿಗೆ ಅದರಲ್ಲೇ ಐದು. ಬೇರೆ 'ಸುಲಭದ ಪದ' ಕೊಡಬೇಡಿ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ವಿಜ್ಞಾನ, ಸಮಾಜದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ. ಅಲ್ಲಿ ನಾವು ಅಳೆಯುತ್ತಿರುವುದು ಮೊಳಕೆಯನ್ನು, ಒತ್ತಕ್ಷರವನ್ನಲ್ಲ.

ಬೋರ್ಡ್ ನೋಡಿ ಕಾಪಿ ಮಾಡುವುದನ್ನಂತೂ ಇಂಥ ಮಕ್ಕಳಿಗೆ ಅರ್ಧಕ್ಕೆ ಇಳಿಸಿ. ಟಿಪ್ಪಣಿಯ ಜೆರಾಕ್ಸ್ ಕೊಟ್ಟು ನಾಲ್ಕೈದು ಪದ ಮಾತ್ರ ತುಂಬಿಸಿ.

ನಾವು ಹೇಳುವ ರೀತಿಯನ್ನೂ ಸ್ವಲ್ಪ ಗಮನಿಸಿ. 'ಪುಸ್ತಕ ತೆಗೆದು, 34ನೇ ಪುಟ ತೆರೆದು, ಮೂರನೇ ಪ್ರಶ್ನೆ ಓದಿ, ತಾರೀಖು ಹಾಕಿ ಉತ್ತರ ಬರೆಯಿರಿ' ಅಂತ ಒಂದೇ ಉಸಿರಿನಲ್ಲಿ ಐದು ಕೆಲಸ ಹೇಳಿಬಿಡುತ್ತೇವೆ, ಆಮೇಲೆ 'ಕಿವಿ ಕೇಳಿಸಲ್ವಾ?' ಅಂತ ಬೈಯುತ್ತೇವೆ. ಒಂದೊಂದಾಗಿ ಹೇಳಿ, ಪುಟದ ಸಂಖ್ಯೆ ಬೋರ್ಡಿನಲ್ಲಿ ಬರೆಯಿರಿ. ನಿಜವಾಗಿಯೂ ಶ್ರವಣಯಂತ್ರ ಹಾಕಿದ ಮಗುವಿದ್ದರೆ ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ಅದಕ್ಕೆ ನಿಮ್ಮ ತುಟಿ ಕಾಣಬೇಕು. ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಿಸಿ, ಯಂತ್ರ ಹಾರ್ನನ್ನೂ ಜೋರು ಮಾಡುತ್ತದೆ.

ಕೂತಲ್ಲಿ ಕೂರದ ಹುಡುಗನಿಗೆ ನೋಟ್‌ಬುಕ್ ಹಂಚುವ ಕೆಲಸ ಕೊಡಿ. ಅವನಿಗೆ ಓಡಾಟ ಬೇಕು, ನಮಗೂ ಒಂದು ಕೈ ಸಿಕ್ಕಿತು. ಆಟಿಸಂ ಇರುವ ಮಗುವಿಗೆ ಗದ್ದಲಕ್ಕಿಂತ ಕಷ್ಟವಾಗುವುದು ಎಷ್ಟೋ ಸಲ ದಿಢೀರ್ ಬದಲಾವಣೆ. ರಾಜ್ಯೋತ್ಸವಕ್ಕೆ ಡೊಳ್ಳು ಪ್ರಾಕ್ಟೀಸ್ ಇದ್ದರೆ ಬೆಳಿಗ್ಗೆಯೇ ಟೈಮ್‌ಟೇಬಲ್‌ನಲ್ಲಿ ಆ ಪೀರಿಯಡ್ ಹೊಡೆದುಹಾಕಿ ಮಗುವಿಗೆ ತೋರಿಸಿ, ಬೇಡ ಅನಿಸಿದಾಗ ಹೋಗಿ ಕೂರಲು ಒಂದು ಜಾಗವನ್ನೂ ಹೇಳಿಡಿ.

ಮನೆಯವರ ಜೊತೆ ಮಾತು ಇದೆಲ್ಲಕ್ಕಿಂತ ನಾಜೂಕು. ನನ್ನ ಹುಡುಗನ ತಾಯಿ ಬಂದವರೇ "ಎರಡೇಟು ಹಾಕಿ ಮಿಸ್, ಬರೀ ಸೋಮಾರಿ" ಅಂದರು. "ಡಿಸ್ಲೆಕ್ಸಿಯಾ ಇರಬೇಕು" (ಬುದ್ಧಿ ಚುರುಕಾಗಿದ್ದರೂ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಅಂತ ಹೇಳಲು ಬಾಯಿ ತುರಿಸುತ್ತಿತ್ತು. ಅದು ನಾವು ಹೇಳುವ ಮಾತಲ್ಲ. ನೋಟ್‌ಬುಕ್ ಬಿಚ್ಚಿಟ್ಟು, "ಅಮ್ಮ, ನೋಡಿ, ಹೇಳುವುದು ಎಲ್ಲ ಬರುತ್ತದೆ, ಬರೆಯುವಾಗ ಒತ್ತು ಮಾತ್ರ ಬಿಡುತ್ತಾನೆ, ಮನೆಯಲ್ಲೂ ಹೀಗೇನಾ?" ಅಂದೆ. ಆಗ ಅವರು ಕೂತರು. ಮೊದಲು ಕಣ್ಣು, ಕಿವಿ ತೋರಿಸಲು ಹೇಳಿ. ಆಮೇಲೆ ಕಲಿಕೆಯ ಪರೀಕ್ಷೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಹೋಗುವಾಗ ನೋಟ್‌ಬುಕ್ಕುಗಳನ್ನೂ ನಿಮ್ಮದೊಂದು ಪತ್ರವನ್ನೂ ಕೊಟ್ಟು ಕಳಿಸಿ. ಸರ್ಕಾರಿ ಶಾಲೆಯಾದರೆ ಬಿಇಒ ಆಫೀಸಿನಲ್ಲಿ ವಿಚಾರಿಸಿ, ಸಮನ್ವಯ ಶಿಕ್ಷಣಕ್ಕೆಂದೇ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ.

ಕಾಗದಪತ್ರವನ್ನು ಎಸ್ಸೆಸ್ಸೆಲ್ಸಿವರೆಗೆ ತಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದರಲ್ಲಿವೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡಲು ಸ್ಕ್ರೈಬ್, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇಂಥ ಅನುಕೂಲಗಳ ಮಾತು ಆ ಕಾಯ್ದೆಯಲ್ಲೇ ಇದೆ. ಆದರೆ ಅದಕ್ಕೆ ಬೇಕಾದ ವೈಕಲ್ಯದ ಪ್ರಮಾಣಪತ್ರ ಕೈಗೆ ಬರಲು ಓಡಾಡಬೇಕು, ಹತ್ತನೇ ಕ್ಲಾಸಿನ ಜನವರಿಯಲ್ಲಿ ಎದ್ದು ಓಡಿದರೆ ಸುಮ್ನೆ ಪೇಚಾಟ.

ಇನ್ನು ಉಳಿದ ಮಕ್ಕಳು. "ಅವನಿಗೆ ಮಾತ್ರ ಯಾಕೆ ಮಿಸ್ ಐದು ಪದ?" ಅಂತ ಖಂಡಿತ ಕೇಳುತ್ತಾರೆ. ನಾನು ಭಾಷಣ ಮಾಡಲಿಲ್ಲ. "ನಿನಗೂ ಐದು ಬೇಕಾ? ತಗೋ" ಅಂದೆ. ಕೇಳಿದವಳು ಎರಡು ದಿನ ಐದೇ ಬರೆದಳು, ಬೇಗ ಮುಗಿಸಿ ಸುತ್ತ ನೋಡುತ್ತಾ ಕೂತಳು. ಮೂರನೇ ದಿನ ತಾನಾಗಿಯೇ ಹತ್ತಕ್ಕೆ ಬಂದಳು. ಆಮೇಲೆ ಯಾರೂ ಕೇಳಲಿಲ್ಲ.