ಅಡ್ವಾನ್ಸ್ ಕೊಡದೆ ಅಸ್ಸಾಮಿನವರನ್ನು ತೋಟದಲ್ಲಿ ಉಳಿಸಿಕೊಂಡ ಬಗೆ: ನನ್ನ ಅನುಭವ

ಹೋದ ಸೀಸನ್ನಿನಲ್ಲಿ ನಮ್ಮ ಕಾಫಿ ತೋಟದ ರೋಬಸ್ಟಾ ಕುಯ್ಲು ಆಳಿನ ಕೊರತೆಯಿಲ್ಲದೆ ಫೆಬ್ರವರಿ ಮಧ್ಯಕ್ಕೇ ಮುಗಿಯಿತು. ಸಕಲೇಶಪುರದ ಸುತ್ತ ಆಳಿಗೆ ಒದ್ದಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. "ಅಸ್ಸಾಮಿನವರನ್ನ ನಂಬ್ಕೊಂಡು ಲೈನ್ ಮನೆಗೆ (ಆಳುಗಳ ಸಾಲುಮನೆಗೆ) ದುಡ್ಡು ಸುರೀತಿದೀಯಾ? ಎರಡು ತಿಂಗಳಿಗೆ ರೈಲು ಹತ್ತುತ್ತಾರೆ, ನೋಡ್ತಿರು" ಅಂದವರು ನಮ್ಮ ಊರಿನಲ್ಲೇ ಇದ್ದಾರೆ. ಅವರೇ ಈಗ ಫೋನ್ ಮಾಡಿ, "ಒಂದ್ ಹತ್ತು ಜನ ಕಳಿಸಿಕೊಡಣ್ಣ" ಅನ್ನುತ್ತಾರೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ನಮ್ಮ ಹಳೆಯ ಲೈನ್ ಮನೆಯವರ ಮಕ್ಕಳು ಹಾಸನ, ಬೆಂಗಳೂರು ಸೇರಿದ ಮೇಲೆ ನಾನೂ ಎಲ್ಲರಂತೆ ಆಳು ಕರೆತರುವ ಮೇಸ್ತ್ರಿಗಳ ಹಿಂದೆ ಬಿದ್ದೆ. ಒಬ್ಬ ಮೇಸ್ತ್ರಿ ತಲೆಗೆ ಇಷ್ಟು ಅಂತ ಒಂದೂಮುಕ್ಕಾಲು ಲಕ್ಷದ ಹತ್ತಿರ ಅಡ್ವಾನ್ಸ್ ತಗೊಂಡು, ಜನರನ್ನು ಇಳಿಸಿ, ಮೂರನೇ ವಾರಕ್ಕೆ ರಾತ್ರೋರಾತ್ರಿ ಎಲ್ಲರನ್ನೂ ಕೇರಳದ ಕಡೆ ಸಾಗಿಸಿದ. ಮರುವರ್ಷ ಇನ್ನೊಬ್ಬ. ಅವನು ಓಡಿಹೋಗಲಿಲ್ಲ, ಆದರೆ ಕೆಜಿಗೆ ನಾನು ಕೊಟ್ಟಿದ್ದರಲ್ಲಿ ಮುಕ್ಕಾಲು ರೂಪಾಯಿ ನುಂಗುತ್ತಿದ್ದ. ಜನಕ್ಕೆ ಅದು ಗೊತ್ತಾದ ದಿನ ಹಣ್ಣು ಗಿಡದಲ್ಲೇ ಉಳಿಯಿತು. ಆ ವರ್ಷ ನೆಲಕ್ಕೆ ಉದುರಿದ್ದನ್ನು ಹೆಕ್ಕಿಸಿದ ಖರ್ಚೇ ಬೇರೆ, ಆಮೇಲೆ ಕಾಯಿ ಕೊರೆಯುವ ಬೋರರ್ ಹುಳದ ಕಾಟ ಬೇರೆ.

ಆಗ ಕೆಲಸ ಬಿಟ್ಟು ಹೊರಟಿದ್ದ ಒಂದು ಕುಟುಂಬವನ್ನು ಕೂರಿಸಿಕೊಂಡು ಮಾತಾಡಿದೆ. ಬರ್ಪೇಟಾ ಜಿಲ್ಲೆಯ ಚರ್ ಕಡೆಯವರು. ಚರ್ ಅಂದರೆ ಬ್ರಹ್ಮಪುತ್ರದ ನಡುವಿನ ಮರಳು ದಿಬ್ಬ. ಮನೆ, ಎರಡು ಬಿಘಾ ಜಮೀನು, ಎಲ್ಲ ಹೊಳೆಗೆ ಹೋಗಿದೆ. 1950ರಿಂದ ಈಚೆಗೆ ಅಸ್ಸಾಮಿನಲ್ಲಿ ಹೀಗೆ ಕೊಚ್ಚಿಹೋದ ನೆಲ 4 ಲಕ್ಷ ಹೆಕ್ಟೇರಿಗಿಂತ ಜಾಸ್ತಿ. ಸರ್ಕಾರದ ಪುಸ್ತಕದಲ್ಲಿ ಇವರು ನಿರಾಶ್ರಿತರಲ್ಲ, ಬರೀ ವಲಸೆ ಕೂಲಿಗಳು. ಆದರೆ ವಾಪಸ್ ಹೋಗಲು ಅವರಿಗೆ ನೆಲವೇ ಇಲ್ಲ. ಹಾಗಿದ್ದ ಮೇಲೆ ಇವರು ಓಡಿಹೋಗುವುದು ಯಾಕೆ? ನನ್ನ ಇಡೀ ಲೆಕ್ಕ ಶುರುವಾಗಿದ್ದು ಈ ಪ್ರಶ್ನೆಯಿಂದ. ಅಡ್ವಾನ್ಸ್ ಕೊಟ್ಟು ಕಟ್ಟಿಹಾಕುವುದನ್ನು ಬಿಟ್ಟೆ. ಆ ದುಡ್ಡನ್ನು ಅವರು ಇಲ್ಲಿ ನೆಲೆ ನಿಲ್ಲುವುದಕ್ಕೆ ಹಾಕಿದೆ.

ರೈಲು ಚಾರ್ಜಿನಿಂದ ಶುರು ಮಾಡಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಹೋಗಿಬರುವ ಖರ್ಚು ಕೊಡಬೇಕು, ಪ್ರಯಾಣದ ದಿನಗಳಿಗೂ ಕೂಲಿ ಕೊಡಬೇಕು ಅಂತ ಇತ್ತು. ನಮ್ಮಲ್ಲಿ ಯಾರು ಕೊಟ್ಟಿದ್ದೇವೆ ಹೇಳಿ? ನಾನು ಬರುವ ಟಿಕೆಟ್ಟನ್ನು ನಾನೇ ಬುಕ್ ಮಾಡಿಸಿದೆ. ಹೋಗುವ ಟಿಕೆಟ್ ಸೀಸನ್ ಮುಗಿದ ಮೇಲೆ. ಗುವಾಹಟಿಯಿಂದ ಬೆಂಗಳೂರಿಗೆ ಎರಡು ದಿನಕ್ಕೂ ಮಿಕ್ಕಿದ ದಾರಿ, ಸ್ಲೀಪರ್‌ನಲ್ಲಿ ತಲೆಗೆ ಸಾವಿರದ ಆಸುಪಾಸು. ಮೇಸ್ತ್ರಿಯ ಕಮಿಷನ್ನಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಲೈನ್ ಮನೆಗೆ ಮಾತ್ರ ಕೈ ಕಚ್ಚಿತು. ಐದು ಮನೆಗೆ ಶೀಟು, ಗಾರೆ, ಪ್ರತಿ ಎರಡು ಮನೆಗೆ ಒಂದು ಕಕ್ಕಸು, ಬೇರೆ ಬೇರೆ ಕರೆಂಟ್ ಮೀಟರ್, ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿತು. ನನ್ನ ಹೆಂಡತಿ ಎರಡು ತಿಂಗಳು ಮಾತು ಬಿಟ್ಟಿದ್ದಳು. 2024ರಲ್ಲಿ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ 10 ಸಾವಿರ ಮುಟ್ಟಿತಲ್ಲ, ಆಗ ಮಾತು ಶುರುವಾಯಿತು.

ಈಗ ತಕ್ಕಡಿ ವಿಚಾರ. ನನ್ನನ್ನು ಕೇಳಿದರೆ ಇದೇ ಮುಖ್ಯ. ನಮ್ಮ ಕಡೆ ತೋಟದ ಲೆಕ್ಕ ಬರೆಯುವ ರೈಟರ್ ಚೀಲಕ್ಕೆ ಒಂದೆರಡು ಕೆಜಿ "ಎಲೆ, ಕಡ್ಡಿ" ಅಂತ ಕಳೆಯುವುದು ಹಳೆಯ ಅಭ್ಯಾಸ. ಗುತ್ತಿಗೆ ಲೆಕ್ಕದಲ್ಲಿ ಕುಯ್ಯುವವರಿಗೆ ಅದು ಕಳ್ಳತನವಾಗಿ ಕಾಣುತ್ತದೆ, ಕಾಣಬೇಕು ಕೂಡ. ನೇತುಹಾಕುವ ಡಿಜಿಟಲ್ ತಕ್ಕಡಿ ತಂದು, ಅಂಕಿ ಅವರ ಕಡೆಗೆ ತಿರುಗುವಂತೆ ಕಣದಲ್ಲಿ ಕಟ್ಟಿಸಿದೆ. ತೂಕ ಕೂಗುವುದು ಅವರದೇ ಗುಂಪಿನ, ಶಾಲೆಗೆ ಹೋಗುವ ಒಂದು ಹುಡುಗಿ. ಸಂಜೆ ಶಾಲೆಯಿಂದ ಬಂದು ಕನ್ನಡದಲ್ಲಿ, ಆಮೇಲೆ ಅವರ ಭಾಷೆಯಲ್ಲಿ ಕೂಗುತ್ತಾಳೆ. ನಮ್ಮ ರೈಟರ್ ಮೊದಲು ಮುನಿಸಿಕೊಂಡರು. ಕಳೆಯುವುದನ್ನು ನಿಲ್ಲಿಸಿದ ಮೇಲೆ ಚೀಲದಲ್ಲಿ ಎಲೆ ತಾನಾಗೇ ಕಮ್ಮಿಯಾಯಿತು. ಒಳ್ಳೆಯ ಹಣ್ಣು ಸಿಕ್ಕ ದಿನ ಒಬ್ಬೊಬ್ಬರು 120, 130 ಕೆಜಿ ಹಾಕುತ್ತಾರೆ. ಸೀಸನ್ ನಡುವೆ ರೇಟ್ ಏರಿಸುವುದಕ್ಕೆ, ಕೊನೆಯ ಬೋನಸ್ಸಿಗೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ತೋಟದವರೂ ಓದುತ್ತಾರೆ.

ಕೂಲಿ ಹಾಕುವುದು ಬ್ಯಾಂಕಿಗೇ. ಗಂಡ ಹೆಂಡತಿ ಇಬ್ಬರೂ ಕುಯ್ದರೆ ನಮ್ಮಲ್ಲಿ ಗಂಡನ ಕೈಗೆ ಒಟ್ಟು ಕೊಟ್ಟುಬಿಡುತ್ತೇವೆ ಅಲ್ವಾ? ನಾನು ಹೆಂಗಸರ ತೂಕ ಬೇರೆ ಬರೆಸಿ, ಅವರ ದುಡ್ಡು ಅವರದೇ ಖಾತೆಗೆ ಹಾಕಿದೆ. ಖಾತೆ ಇಲ್ಲದವರಿಗೆ ಪೋಸ್ಟ್‌ಮ್ಯಾನ್ ಕರೆಸಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದೆ. ಆಧಾರ್ ಮತ್ತು ಬೆರಳಚ್ಚು ಇದ್ದರೆ ಲೈನ್ ಮನೆಯ ಜಗುಲಿಯಲ್ಲೇ ಆಗುತ್ತದೆ. ಗಂಡಸರು ಗೊಣಗಿದರು. ಆದರೆ "ಈ ವರ್ಷ ಎಲ್ಲಿಗೆ ಹೋಗೋಣ" ಅಂತ ತೀರ್ಮಾನ ಮಾಡುವವರು ಹೆಂಗಸರು. ಇದನ್ನು ತಿಳಿಯುವುದಕ್ಕೆ ನನಗೆ ಕೆಲವು ವರ್ಷ ಬೇಕಾಯಿತು.

ರೇಷನ್ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೆ ಅಸ್ಸಾಂ ಸೇರಿದ್ದು 2022ರ ಜೂನ್‌ನಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಅದಕ್ಕೂ ಮೊದಲು ಅವರ ಕಾರ್ಡು ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಕಾಗದದ ಚೂರು. ಈಗ ಕೇಂದ್ರದ ಪಾಲು, ತಲೆಗೆ 5 ಕೆಜಿ, ಇಲ್ಲೇ ಸಿಗುತ್ತದೆ. ಊರಿನಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಪಾಲನ್ನು ಅವರು ಅಲ್ಲೇ ತಗೋಬಹುದು. ನಮ್ಮ ರಾಜ್ಯ ತನ್ನ ಕಡೆಯಿಂದ ಸೇರಿಸುವ ಪಾಲು ಮಾತ್ರ ಇವರಿಗಿಲ್ಲ. ತೊಂದರೆ ಇರುವುದು ಬೆರಳಿನಲ್ಲಿ. ಕುಯ್ದೂ ಕುಯ್ದೂ ಹೆಬ್ಬೆಟ್ಟು ಸವೆದಿರುತ್ತದೆ, ಮಷಿನ್ ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ, ಬಿಸಿನೀರಿನಲ್ಲಿ ಕೈ ತೊಳೆಸಿ, ಬೇರೆ ಬೆರಳು ಇಡಿಸಿ. ಬಹಳ ಸಲ ಕೆಲಸ ಆಗುತ್ತದೆ.

ಕಾಗದ ಪತ್ರದ ಕಷ್ಟ ನಿಜವಾಗಿ ಇರುವುದು ಬೇರೆ ಕಡೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ನೋಂದಣಿ) ಪಟ್ಟಿ ಬಂದಾಗ 19 ಲಕ್ಷ ಜನ ಹೊರಗುಳಿದರು. ಅದರ ಹಿಂದಿನ ತಿಂಗಳುಗಳಲ್ಲಿ ನಮ್ಮ ತೋಟದಿಂದ ಗೊಬ್ಬರದ ಕೆಲಸ ಅರ್ಧಕ್ಕೇ ಬಿಟ್ಟು ವಿಚಾರಣೆಗೆ ಅಂತ ಊರಿಗೆ ಓಡಿದವರಿದ್ದರು. ಆಗ ನಾನೂ ಬೈದುಕೊಂಡೆ. ಒಂದೇ ಮನೆಯಲ್ಲಿ ಅಣ್ಣನ ಹೆಸರು ಇದೆ, ತಮ್ಮನದು ಇಲ್ಲ. ಎನ್‌ಆರ್‌ಸಿಗೆ ಕೊಟ್ಟ ಬೆರಳಚ್ಚು ಲಾಕ್ ಆಗಿ ಸುಮಾರು 27 ಲಕ್ಷ ಜನಕ್ಕೆ ಆಧಾರ್ ಸಿಗದೆ ನಿಂತಿತ್ತು. 2024ರ ಆಗಸ್ಟ್‌ನಲ್ಲಿ ಅದರಲ್ಲಿ 9 ಲಕ್ಷ ಚಿಲ್ಲರೆ ಜನಕ್ಕೆ ಬಿಡುಗಡೆ ಸಿಕ್ಕಿತು. ನಮ್ಮ ಲೈನಿನ ಒಬ್ಬ ಹುಡುಗ ಇನ್ನೂ ಕಾಯುತ್ತಿದ್ದಾನೆ. ಆಧಾರ್ ಇಲ್ಲ, ಹಾಗಾಗಿ ಖಾತೆ ಇಲ್ಲ, ಅಕ್ಕಿ ಇಲ್ಲ. ಅವನ ಕೂಲಿ ಅಣ್ಣನ ಖಾತೆಗೆ ಹೋಗುತ್ತದೆ, ಪುಸ್ತಕದಲ್ಲಿ ಅವನ ಹೆಸರಲ್ಲೇ ಬರೆದು ಸಹಿ ಹಾಕಿಸುತ್ತೇನೆ.

ಹಾಗಾಗಿ ಠಾಣೆಗೆ ನಾನೇ ಮೊದಲು ಹೋಗುತ್ತೇನೆ. ಅವರು ರೈಲು ಹತ್ತುವ ಮೊದಲೇ ವೋಟರ್ ಕಾರ್ಡ್, ಆಧಾರ್ ಫೋಟೋ ವಾಟ್ಸಾಪಿನಲ್ಲಿ ತರಿಸಿ, ಪ್ರಿಂಟ್ ಹಾಕಿಸಿ, ಒಂದು ಫೈಲ್ ಕೊಟ್ಟು ಸೀಲ್ ಹಾಕಿಸಿಕೊಳ್ಳುತ್ತೇನೆ. ಸಂತೆಯಲ್ಲಿ ಯಾರಾದರೂ "ಬಾಂಗ್ಲಾದವರು" ಅಂತ ಗಲಾಟೆ ತೆಗೆದಾಗ ಆ ಸೀಲ್ ಬಿದ್ದ ಕಾಪಿ ಮಾತಾಡುತ್ತದೆ. ಒಂದು ಸಲ ಮಾತಾಡಿದೆ ಕೂಡ.

ಶಾಲೆ ನನ್ನ ಕೈಲಿದ್ದ ತುರುಪು. ಹತ್ತಿರದ ಒಂದು ಶಾಲೆಯಲ್ಲಿ ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಮಕ್ಕಳನ್ನು ವಾಪಸ್ ಕಳಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇವೆರಡೂ ಇಲ್ಲ ಅಂತ ಸೇರಿಸದೆ ಇರುವ ಹಾಗಿಲ್ಲ. ಆ ಪುಟದ ಜೆರಾಕ್ಸ್ ಹಿಡಿದು ಇನ್ನೊಂದು ಶಾಲೆಗೆ ಹೋದೆ. ಅಲ್ಲಿ ಮಕ್ಕಳ ಸಂಖ್ಯೆ ಇಳಿದು ಮುಚ್ಚುವ ಭಯವಿತ್ತು. ಮೇಷ್ಟ್ರು ಜೆರಾಕ್ಸ್ ನೋಡಲೇ ಇಲ್ಲ, "ಎಷ್ಟು ಮಕ್ಕಳಿದಾರೆ ಗೌಡ್ರೇ, ಎಲ್ಲರನ್ನೂ ಕರ್ಕೊಂಡ್ ಬನ್ನಿ" ಅಂದರು. ಮಗು ಶಾಲೆಗೆ ಸೇರಿದ ಮನೆ ಮಾರ್ಚಿಗೆ ಗಂಟು ಕಟ್ಟುವುದಿಲ್ಲ. ಮಾರ್ಚಿನಲ್ಲಿ ಮೆಣಸು, ಆಮೇಲೆ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ, ಬೋರ್ಡೋ ದ್ರಾವಣ ಹೊಡೆಯುವುದು, ಕಳೆ. ಮಳೆಗಾಲದಲ್ಲೂ ವಾರಕ್ಕೆ ನಾಲ್ಕೈದು ದಿನ ಕೆಲಸ ಕೊಡಲೇಬೇಕು. ಅದು ಆಗದ ಸಣ್ಣ ತೋಟದವರು ಇಬ್ಬರು ಮೂವರು ಸೇರಿ ಮಾಡಿ.

ಆನೆ ವಿಚಾರ ಮರೆಯಬೇಡಿ. ಅರಣ್ಯ ಇಲಾಖೆಯ ಆನೆ ಎಚ್ಚರಿಕೆ ಸಂದೇಶ ಬರುವುದು ಕನ್ನಡದಲ್ಲಿ. ಬ್ರಹ್ಮಪುತ್ರದ ದಿಬ್ಬದಿಂದ ಬಂದವನಿಗೆ ಬೆಳಿಗ್ಗೆ ಆರಕ್ಕೆ ತೋಟದ ದಾರಿಯಲ್ಲಿ ಒಂಟಿಯಾಗಿ ಹೋಗಬಾರದು ಅಂತ ಹೇಗೆ ಗೊತ್ತಾಗಬೇಕು? ತೂಕ ಕೂಗುವ ಹುಡುಗಿಯೇ ಅದನ್ನು ಅವರ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿ ಗುಂಪಿಗೆ ಹಾಕುತ್ತಾಳೆ. ಅವಳಿಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ, ಸುಮ್ನೆ ಮಾಡಿಸಿಕೊಳ್ಳುವುದಿಲ್ಲ.

ಇವರ ರಂಜಾನ್ ಉಪವಾಸ 2025ರಲ್ಲಿ ಮಾರ್ಚಿಗೆ ಬಂತು, ಆ ವರ್ಷದ ಕುಯ್ಲಿನ ಬಾಲಕ್ಕೆ ಸಿಕ್ಕಿಕೊಂಡಿತು. ಬೆಳಿಗ್ಗೆ ಬೇಗ ಶುರು, ಒಂದು ಗಂಟೆಗೆ ಬಂದ್. ತೂಕ ಹೆಚ್ಚೇನೂ ಕಮ್ಮಿಯಾಗಲಿಲ್ಲ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಮುಂದಿನ ಕೆಲವು ವರ್ಷ ಪೂರ್ತಿ ಸೀಸನ್ನಿನಲ್ಲೇ ಬರುತ್ತದೆ. ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ನಡುವೆ ಮಾಡಿದ ಚಿಲ್ಲರೆ ಪ್ರಯೋಗ ಎರಡು. ಒಂದು, ಬ್ಯಾಟರಿಯ ಕುಯ್ಯುವ ಮಷಿನ್. ಆಳಿನ ಗೊಡವೆಯೇ ಬೇಡ ಅಂತ ತಂದೆ. ಹಣ್ಣಿನ ಜೊತೆ ಕಾಯಿ, ಎಲೆ, ಮುಂದಿನ ವರ್ಷದ ರೆಕ್ಕೆ (ಕಾಯಿ ಬಿಡುವ ರೆಂಬೆ) ಎಲ್ಲ ಉದುರಿಸಿತು. ಅರ್ಧ ಬೆಲೆಗೆ ಮಾರಿದೆ. ಇನ್ನೊಂದು, ಕೆರೆಗೆ ರೋಹು, ಕಾಟ್ಲಾ ಮರಿ ಬಿಟ್ಟಿದ್ದು. ಇವರಿಗೆ ಅನ್ನದ ಜೊತೆ ಹೊಳೆ ಮೀನು ಬೇಕು, ಸಂತೆಗೆ ಬರುವುದು ಮಂಗಳೂರಿನ ಬಂಗುಡೆ. ಮೊದಲ ವರ್ಷದ ಮರಿಗಳನ್ನು ನೀರುನಾಯಿ ತಿಂದು ಮುಗಿಸಿತು. ಎರಡನೇ ವರ್ಷ ಅವರೇ ಬಲೆ ಕಟ್ಟಿ ಕಾದರು. ಈಗ ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಮೀನು ಹಿಡಿಯುತ್ತಾರೆ, ನನ್ನ ಮನೆಗೂ ಒಂದು ಬರುತ್ತದೆ. ಸಾಸಿವೆ ಎಣ್ಣೆ ವಾಸನೆಗೆ ನಮ್ಮವಳು ಈಗ ಒಗ್ಗಿದ್ದಾಳೆ.

ಇವತ್ತಿನ ಲೆಕ್ಕ ಹೀಗಿದೆ. ವರ್ಷಪೂರ್ತಿ ಇರುವವರು ಎಂಟು ಕುಟುಂಬದ ಆಸುಪಾಸು. ಸೀಸನ್ನಿಗೆ ಅವರ ನೆಂಟರು ಇಪ್ಪತ್ತು ಚಿಲ್ಲರೆ ಜನ ತಾವೇ ಬರುತ್ತಾರೆ. ಅಡ್ವಾನ್ಸ್ ಸೊನ್ನೆ. ಲೈನ್ ಮನೆಯ ಖರ್ಚು ನನ್ನ ಅಂದಾಜಿನಲ್ಲಿ ಎರಡೂವರೆ ಸೀಸನ್ನಿಗೆ ವಾಪಸ್ ಬಂತು, ಅದರಲ್ಲಿ ಕಾಫಿ ರೇಟಿನ ಪುಣ್ಯವೂ ಇದೆ ಅನ್ನಿ. ಹೋದ ವರ್ಷ ಪಕ್ಕದವರು ಕೆಜಿಗೆ 50 ಪೈಸೆ ಜಾಸ್ತಿ ಕೊಡುತ್ತೇವೆ ಅಂತ ಕರೆದರು. ಇಬ್ಬರು ಹೋದರು. ವಾರದಲ್ಲಿ ಒಬ್ಬ ವಾಪಸ್ ಬಂದ, ಅಲ್ಲಿ ತಕ್ಕಡಿಯ ಮುಖ ಆ ಕಡೆ ಇದೆಯಂತೆ. ಇನ್ನೊಬ್ಬ ಅಲ್ಲೇ ಇದ್ದಾನೆ. ಅವನು ಒಳ್ಳೆಯ ಕುಯ್ಯುವವನು, ಈ ನವೆಂಬರಿಗೆ ಮತ್ತೆ ಕೇಳಿ ನೋಡಬೇಕು.