ಬಾನ್ಯುಲ್ಸ್ ವೈನ್ ಮತ್ತು ನನ್ನ ಜಾಮೂನ್ ಎಡವಟ್ಟು

ಕೆಲಸಕ್ಕೆಂದು ಫ್ರಾನ್ಸಿನ ಟುಲೂಸಿಗೆ ಬಂದ ಮೊದಲ ವರ್ಷದ ದೀಪಾವಳಿ. ಆಫೀಸಿನ ಇಬ್ಬರು ಫ್ರೆಂಚ್ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ಕೊನೆಗೆ ಬಿಸಿ ಜಾಮೂನ್ ಬಡಿಸಿ, ಅವರೇ ತಂದಿದ್ದ ಬಾನ್ಯುಲ್ಸ್ ಬಾಟಲಿ ತೆರೆದೆ. ಸಿಹಿ ವೈನಿಗೆ ಸಿಹಿ ತಿಂಡಿ, ಇನ್ನೇನು ಬೇಕು ಅಂದುಕೊಂಡೆ. ಜಾಮೂನ್ ತಿಂದು ಒಂದು ಗುಟುಕು ಕುಡಿದರೆ, ಐದು ನಿಮಿಷದ ಹಿಂದೆ ಅಂಜೂರದ ಹಾಗಿದ್ದ ವೈನ್ ಈಗ ಬರೀ ಹುಳಿ, ನೀರು ನೀರು! ಗೆಳೆಯರು ಏನೂ ಹೇಳಲಿಲ್ಲ. ಅವರ ಲೋಟಗಳು ಮಾತ್ರ ಅರ್ಧಕ್ಕೇ ನಿಂತವು.

ತಪ್ಪು ವೈನಿನದಲ್ಲ. ಪಾಯಸ ಉಂಡ ಮೇಲೆ ಕಾಫಿ ಕುಡಿದರೆ, ಸಕ್ಕರೆ ಹಾಕಿದ್ದರೂ ಸಪ್ಪೆ ಅನಿಸುತ್ತದಲ್ವಾ? ಅದೇ ಲೆಕ್ಕ. ತಟ್ಟೆಯ ಸಿಹಿ ಲೋಟದ ಸಿಹಿಗಿಂತ ಜಾಸ್ತಿಯಾದರೆ ವೈನ್ ಸೋಲುತ್ತದೆ. ಪಾಕದಲ್ಲಿ ಮುಳುಗಿದ ಜಾಮೂನಿನ ಮುಂದೆ ಯಾವ ವೈನ್ ತಾನೇ ನಿಂತೀತು!

ಮರುವರ್ಷ ಈ ವೈನ್ ಹುಟ್ಟುವ ಊರಿಗೇ ಹೋದೆ. ಪರ್ಪಿನ್ಯಾನ್‌ನಿಂದ ರೈಲು ಹತ್ತಿದರೆ ಕೊಲಿಯೂರ್, ಪೋರ್-ವಾಂದ್ರ್ ದಾಟಿ ಬಾನ್ಯುಲ್ಸ್-ಸುರ್-ಮೆರ್. ಅದರಾಚೆ ಸೆರ್ಬೇರ್, ಆಮೇಲೆ ಸ್ಪೇನ್. ಕೊಲಿಯೂರಿನಿಂದ ಸೆರ್ಬೇರ್‌ವರೆಗಿನ ಈ ನಾಲ್ಕು ಊರುಗಳ ದ್ರಾಕ್ಷಿಯಿಂದ ಮಾಡಿದರೆ ಮಾತ್ರ ಬಾನ್ಯುಲ್ಸ್ ಅನ್ನುವ ಹೆಸರು. ಈ ನಿಯಮ 1936ರಿಂದ ಇದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೆಟ್ಟಗೆ ಏರುವ ಗುಡ್ಡ. ಪದರು ಪದರಾಗಿ ಒಡೆಯುವ ಕಲ್ಲನ್ನು ಗಾರೆ ಇಲ್ಲದೆ ಜೋಡಿಸಿ ಕಟ್ಟಿದ ಒಡ್ಡುಗಳು, ಅವುಗಳ ನಡುವೆ ಮೊಣಕಾಲೆತ್ತರದ ದ್ರಾಕ್ಷಿ ಗಿಡಗಳು. ಕೊಯ್ಲೆಲ್ಲ ಕೈಯಲ್ಲೇ. ತ್ರಮೊಂತಾನ ಗಾಳಿ ಬೀಸಿದರೆ ಟೋಪಿ ತಲೆ ಮೇಲೆ ನಿಲ್ಲುವುದಿಲ್ಲ. ನನ್ನದಂತೂ ಹೋಯಿತು.

ಅಲ್ಲಿನ ಒಂದು ಸಣ್ಣ ನೆಲಮಾಳಿಗೆಯಲ್ಲಿ ಇದನ್ನು ಮಾಡುವ ಬಗೆ ಕೇಳಿಕೊಂಡೆ. ಮುಖ್ಯ ದ್ರಾಕ್ಷಿ ಗ್ರನಾಶ್ ನುವಾರ್. ರಸ ಹುದುಗು ಬರುವಾಗ ಯೀಸ್ಟ್ ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತದೆ. ಅದು ಪೂರ್ತಿ ಮುಗಿಸುವ ಮೊದಲೇ 96% ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಅಲ್ಲೇ ಸಾಯುತ್ತದೆ, ಹಣ್ಣಿನ ಸಕ್ಕರೆ ಉಳಿದುಕೊಳ್ಳುತ್ತದೆ. ಹೊರಗಿನ ಸಕ್ಕರೆ ಒಂದು ಚಮಚವೂ ಇಲ್ಲ. ಈ ಉಪಾಯವನ್ನು 13ನೇ ಶತಮಾನದಲ್ಲಿ ಮೋಂಪೆಲಿಯೆಯಲ್ಲಿ ಪಾಠ ಹೇಳುತ್ತಿದ್ದ ವೈದ್ಯ ಅರ್ನಾವ್ ದೆ ವಿಲನೋವಾ ಹೆಸರಿಗೆ ಕಟ್ಟುತ್ತಾರೆ.

ಅಂಗಳದಲ್ಲಿ ದಪ್ಪ ಹೊಟ್ಟೆಯ ಗಾಜಿನ ಬುರುಡೆಗಳು ಬಿಸಿಲಿಗೆ ಕೂತಿದ್ದವು. ಥೇಟ್ ನಮ್ಮ ಉಪ್ಪಿನಕಾಯಿ ಭರಣಿ! ಗಾಳಿ, ಬಿಸಿಲು ತಿಂದು ಹಳತಾದ ಇಂಥ ಬಾನ್ಯುಲ್ಸ್ ಕೆಂಪು ಕಳೆದುಕೊಂಡು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮೂಸಿದರೆ ಒಣ ಅಂಜೂರ, ವಾಲ್ನಟ್, ಜೋನಿ ಬೆಲ್ಲ. ಗ್ರಾಂ ಕ್ರೂ, ಅಂದರೆ ಮೇಲ್ದರ್ಜೆಯದು ಅನ್ನಿಸಿಕೊಳ್ಳಲು ಕನಿಷ್ಠ 30 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ಇನ್ನೊಂದು ಬಗೆ ರಿಮಾಜ್. ಗಾಳಿ ತಾಗಿಸದೆ ಬೇಗ ಬಾಟಲಿಗೆ ತುಂಬುವುದರಿಂದ ಅದು ಕಡುಗೆಂಪು, ಚೆರ್ರಿ ಹಣ್ಣಿನ ರುಚಿ.

ಎರಡನ್ನೂ ಮನೆಗೆ ತಂದು ಒಂದಿಡೀ ಚಳಿಗಾಲ ಪ್ರಯೋಗ ಮಾಡಿದೆ. ರಿಮಾಜ್‌ಗೆ 70% ಕೋಕೋ ಇರುವ ಕಪ್ಪು ಚಾಕಲೇಟ್ ಸರಿಯಾದ ಜೋಡಿ. ಸಾಮಾನ್ಯ ಕೆಂಪು ವೈನ್ ಜೊತೆ ಇದೇ ಚಾಕಲೇಟ್ ತಿಂದರೆ ಬಾಯೆಲ್ಲ ಕಹಿ, ಒಗರು. ಇಲ್ಲಿ ವೈನಿನ ಸಿಹಿ ಆ ಕಹಿಯನ್ನು ಮಡಿಲಿಗೆ ಹಾಕಿಕೊಳ್ಳುತ್ತದೆ. ಹಾಲಿನ ಚಾಕಲೇಟ್ ಮಾತ್ರ ಬೇಡ, ಮತ್ತದೇ ಜಾಮೂನ್ ಕಥೆ.

ನನ್ನ ಮೆಚ್ಚಿನ ಜೋಡಿ ಚಾಕಲೇಟ್ ಅಲ್ಲ, ರೊಕ್‌ಫೋರ್ ಚೀಸ್. ಕುರಿ ಹಾಲಿನದು, ನೀಲಿ ಬೂಸ್ಟಿನ ಗೆರೆ, ಉಪ್ಪು ಜೋರು. ಮೊದಲ ಸಲ ವಾಸನೆಗೇ ಮುಖ ತಿರುಗಿಸಿದ್ದೆ. ವಾಲ್ನಟ್ ಬ್ರೆಡ್ಡಿನ ಚೂರಿನ ಮೇಲೆ ಉಗುರಿನಷ್ಟು ಚೀಸ್ ಸವರಿ, ಬಾಯಲ್ಲಿ ಕರಗುತ್ತಿರುವಾಗಲೇ ಹಳೆಯ ಬಾನ್ಯುಲ್ಸ್ ಒಂದು ಗುಟುಕು ಕುಡಿದೆ. ಮೊದಲು ಉಪ್ಪು, ಅದರ ಬೆನ್ನಿಗೇ ಬೆಲ್ಲ, ಕೊನೆಗೆ ಹುರಿದ ಬೀಜದ ರುಚಿ. ಹುಣಸೆಹಣ್ಣಿಗೆ ಉಪ್ಪು ಬೆಲ್ಲ ಕುಟ್ಟಿ ಚೀಪುತ್ತಿದ್ದ ದಿನಗಳು ನೆನಪಾದವು.

ಇಲ್ಲಿನವರು ಫ್ವಾ ಗ್ರಾ, ಅಂದರೆ ಬಾತುಕೋಳಿಯ ಕೊಬ್ಬಿದ ಯಕೃತ್ತಿನ ಜೊತೆಗೂ ಕುಡಿಯುತ್ತಾರೆ. ನಾನು ಸಸ್ಯಾಹಾರಿ, ಆ ವಿಷಯ ಅವರಿಗೇ ಬಿಟ್ಟೆ.

ತಣ್ಣಗಿರಲಿ, 14 ಡಿಗ್ರಿ ಆಸುಪಾಸು. ಬೆಚ್ಚಗೆ ಕೊಟ್ಟರೆ ಸ್ಪಿರಿಟ್ ಸೀದಾ ಮೂಗಿಗೆ ಹೊಡೆಯುತ್ತದೆ. ಇದರಲ್ಲಿ ಸುಮಾರು 16% ಆಲ್ಕೋಹಾಲ್ ಇರುತ್ತದೆ, ಹಾಗಾಗಿ ಸಣ್ಣ ಲೋಟ ಸಾಕು. ಹಳೆಯ ಬಗೆಯದು ತೆರೆದ ಮೇಲೂ ವಾರಗಟ್ಟಲೆ ಕೆಡುವುದಿಲ್ಲ. ಅದೇ ಧೈರ್ಯದಲ್ಲಿ ರಿಮಾಜ್ ಬಾಟಲಿಯನ್ನೂ ಸುಮ್ನೆ ಕಪಾಟಿನಲ್ಲಿಟ್ಟು ಮರೆತಿದ್ದೆ. ತಿಂಗಳ ನಂತರ ನೋಡಿದರೆ ಚೆರ್ರಿಯೂ ಇಲ್ಲ, ಏನೂ ಇಲ್ಲ. ಚೆಲ್ಲಲು ಮನಸ್ಸಾಗದೆ ಒಣ ಅಂಜೂರ ಹಾಕಿ, ಸಣ್ಣ ಉರಿಯಲ್ಲಿ ಪಾಕ ಬರುವವರೆಗೆ ಕುದಿಸಿದೆ. ಆ ಅಂಜೂರ ಎರಡೇ ದಿನದಲ್ಲಿ ಖಾಲಿಯಾಯಿತು.