ಹೆವಿ ಲೈಸೆನ್ಸ್ ಬಂದಿತು, ಲಾರಿ ಕೊಡುವವರು ಯಾರು?

ಹೆವಿ ಲೈಸೆನ್ಸ್ ಪಡೆದ ಹೊಸಬರಿಗೆ ಯಾವ ಟ್ರಾನ್ಸ್‌ಪೋರ್ಟ್ ಕಚೇರಿಗೆ ಹೋದರೂ ಎದುರಾಗುವ ಪ್ರಶ್ನೆ ಒಂದೇ: "ಎಷ್ಟು ವರ್ಷ ಓಡಿಸಿದ್ದೀಯ?" ಯಾರೂ ಗಾಡಿಯನ್ನೇ ಕೊಡದಿದ್ದರೆ ವರ್ಷಗಳು ಎಲ್ಲಿಂದ ಬರಬೇಕು? ಮಂಡ್ಯ, ಮದ್ದೂರು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ ಎಲ್ಲವನ್ನೂ ಸುತ್ತಿದೆ. ಸ್ಟೀರಿಂಗ್ ಕೇಳುವುದನ್ನು ಬಿಟ್ಟು ಪಕ್ಕದ ಸೀಟು ಕೇಳಿದ ಮೇಲೆ ನನಗೆ ದಾರಿ ತೆರೆಯಿತು.

ಮಾಲೀಕರ ಹಿಂಜರಿಕೆಯಲ್ಲಿ ತಪ್ಪಿಲ್ಲ. ಲಾರಿಯ ಮೇಲೆ ಸಾಲವಿರುತ್ತದೆ, ತಿಂಗಳು ತಿಂಗಳು ಕಂತು ಕಟ್ಟಬೇಕು. ಅಪಘಾತವಾದಾಗ ಚಾಲಕನ ಲೈಸೆನ್ಸ್ ಕ್ರಮಬದ್ಧವಾಗಿಲ್ಲದಿದ್ದರೆ ವಿಮಾ ಕಂಪನಿ ಪರಿಹಾರದ ಹಣವನ್ನು ಮಾಲೀಕರಿಂದಲೇ ವಸೂಲು ಮಾಡಲು ಬರಬಹುದು. ಆದ್ದರಿಂದ ಅವರು ಕೇಳುವ ಮೊದಲೇ ಡಿಜಿಲಾಕರ್‌ನಲ್ಲಿರುವ ಲೈಸೆನ್ಸ್ ತೋರಿಸಿ, "ಪರಿವಾಹನ್ ಜಾಲತಾಣದಲ್ಲಿ ನೀವೇ ಪರಿಶೀಲಿಸಿ, ಸರ್" ಎನ್ನುತ್ತಿದ್ದೆ. ಅಷ್ಟರಿಂದಲೇ ಮಾತಿನ ಧಾಟಿ ಬದಲಾಗುತ್ತಿತ್ತು.

ಇನ್ನೂ ಹೆವಿ ಲೈಸೆನ್ಸ್‌ಗೆ ಕಾಯುತ್ತಿರುವವರಿಗೆ ಒಂದು ಮಾತು. ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ತುಂಬದೆ, 20 ವಯಸ್ಸಾಗದೆ ಹೆವಿ ಲೈಸೆನ್ಸ್‌ಗೆ ಅರ್ಜಿ ಹಾಕುವಂತಿಲ್ಲ. ಆ ವರ್ಷವನ್ನು ಸುಮ್ಮನೆ ಕಳೆಯಬೇಡಿ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ನಾನು ತೋಟಗಳಿಂದ ಮದ್ದೂರಿನ ಎಳನೀರು ಮಾರುಕಟ್ಟೆಗೆ ಸಣ್ಣ ಗೂಡ್ಸ್ ಗಾಡಿ ಓಡಿಸಿದೆ. ಲೋಡು ಹೊತ್ತ ಗಾಡಿ ತಿರುವಿನಲ್ಲಿ ಹೇಗೆ ವಾಲುತ್ತದೆ, ಹಗ್ಗವನ್ನು ಎಲ್ಲಿ ಬಿಗಿಯಬೇಕು ಎಂಬುದನ್ನೆಲ್ಲ ಕಲಿತದ್ದು ಅಲ್ಲಿಯೇ, ಡ್ರೈವಿಂಗ್ ಶಾಲೆಯಲ್ಲಲ್ಲ. ಕಬ್ಬು ಅರೆಯುವ ಕಾಲದಲ್ಲಿ ಕೊಪ್ಪ, ಕೆ.ಎಂ. ದೊಡ್ಡಿ ಕಡೆ ಲಾರಿಗಳಿಗೆ ಚಾಲಕರು ಬೇಕಾಗುತ್ತಾರೆ, ಅದೂ ಒಂದು ದಾರಿ. ಆದರೆ ಅಳತೆ ಮೀರಿ ಹೇರಿದ ಗಾಡಿಯಲ್ಲಿ ಕೈ ಪಳಗಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಯಾರ್ಡ್‌ಗೆ ಬೆಳಿಗ್ಗೆ ಬೇಗ ಹೋಗುತ್ತಿದ್ದೆ. ಕಚೇರಿಯ ಮೇಜಿನ ಮುಂದೆ ನಿಲ್ಲುವುದಕ್ಕಿಂತ ಲೋಡಾಗುತ್ತಿರುವ ಲಾರಿಯ ಪಕ್ಕ ನಿಲ್ಲುವುದೇ ಮೇಲು. ಯಾವ ಗಾಡಿಗೆ ಎರಡನೇ ಚಾಲಕ ಬೇಕು, ಯಾರು ಊರಿಗೆ ರಜೆ ಹೋಗುತ್ತಿದ್ದಾರೆ ಎಂಬ ಸುದ್ದಿ ಅಲ್ಲಿಯೇ ಸಿಗುತ್ತದೆ. ಹಿರಿಯ ಚಾಲಕರೊಬ್ಬರಿಗೆ ಟಾರ್ಪಾಲು ಕಟ್ಟಲು ಕೈ ಜೋಡಿಸಿ, "ಅಣ್ಣಾ, ಜೊತೆಗೆ ಬರಲೇ? ಸ್ಟೀರಿಂಗ್ ಬೇಡ, ಕ್ಲೀನರ್ ಕೆಲಸವನ್ನೂ ಮಾಡುತ್ತೇನೆ" ಎಂದೆ. ಅವರು ಫೋನಿನಲ್ಲಿ ಮಾತನಾಡಿ ಮಾಲೀಕರನ್ನು ಯಾರ್ಡ್‌ಗೆ ಕರೆಸಿದರು.

ಮಾಲೀಕರು ಬಂದವರೇ ಕೀ ಕೊಟ್ಟು, ಖಾಲಿ ನಿಂತಿದ್ದ ಇನ್ನೊಂದು ಆರು ಚಕ್ರದ ಲಾರಿಯನ್ನು ಹಿಂದಕ್ಕೆ ತೆಗೆದು ಗೋದಾಮಿಗೆ ಹಚ್ಚಲು ಹೇಳಿದರು. ನಾನು ತಕ್ಷಣ ಕ್ಯಾಬಿನ್ ಹತ್ತಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ, ಚಕ್ರದ ನಟ್ಟುಗಳನ್ನು ಮುಟ್ಟಿ ನೋಡಿ, ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡಿದೆ. ಎಂಜಿನ್ ಆಯಿಲ್ ಕಡ್ಡಿ ಎಳೆದು ಒರೆಸಿ ಅಳತೆ ನೋಡಿದೆ. ಬ್ರೇಕಿಗೆ ಗಾಳಿ ಒದಗಿಸುವ ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದಾಗ ನೀರು ಚಿಮ್ಮಿತು. ಆಮೇಲೆ ಸ್ಟಾರ್ಟ್ ಮಾಡಿ, ಗಾಳಿಯ ಒತ್ತಡ ಏರಿ ಬಜರ್ ನಿಲ್ಲುವವರೆಗೂ ಹ್ಯಾಂಡ್ ಬ್ರೇಕ್ ಮುಟ್ಟದೆ ಕುಳಿತೆ. ಹಿಂದಕ್ಕೆ ತೆಗೆಯುವ ಮೊದಲು ಇಳಿದು ಹೋಗಿ ಜಾಗ ನೋಡಿ ಬಂದೆ. ಅರ್ಧದಲ್ಲಿ ಅನುಮಾನ ಬಂದಾಗ ನಿಲ್ಲಿಸಿ ಇನ್ನೊಮ್ಮೆ ಇಳಿದೆ. ಮಾಲೀಕರು ಎಷ್ಟು ವರ್ಷದ ಅನುಭವ ಎಂದು ಕೇಳಲೇ ಇಲ್ಲ. "ನಾಳೆ ಇವರ ಜೊತೆ ಕಲ್ಲಿಕೋಟೆಗೆ ಹೋಗು" ಎಂದರು.

ಆ ದಾರಿಯೇ ನನ್ನ ಪಾಠಶಾಲೆಯಾಯಿತು. ಬಂಡೀಪುರದ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ತರಕಾರಿ ಲೋಡು ಯಾರ್ಡಿನಿಂದ ಯಾವಾಗ ಹೊರಡಬೇಕು ಎಂಬ ಲೆಕ್ಕವನ್ನು ಚಾಲಕನೇ ಹಾಕಬೇಕು. ವಯನಾಡು ದಾಟಿದ ಮೇಲೆ ತಾಮರಶ್ಶೇರಿ ಘಾಟಿ, ಒಂಬತ್ತು ಹೇರ್‌ಪಿನ್ ತಿರುವುಗಳು. ಅಣ್ಣ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕುತ್ತಿದ್ದರು. ಬ್ರೇಕ್ ಪೆಡಲನ್ನು ಆಗಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುತ್ತಿದ್ದರೇ ಹೊರತು ಅದರ ಮೇಲೆ ಕಾಲನ್ನು ಇಟ್ಟುಕೊಂಡೇ ಇರುತ್ತಿರಲಿಲ್ಲ. "ಡ್ರಮ್ ಕಾದರೆ ಬ್ರೇಕ್ ಹಿಡಿಯುವುದಿಲ್ಲ ಕಣೋ ತಮ್ಮಾ, ಮೂಗಿಗೆ ಸುಟ್ಟ ವಾಸನೆ ಬಂದಾಗ ತಡವಾಗಿರುತ್ತದೆ" ಎಂದರು. ನನಗೆ ಮೊದಲು ಸ್ಟೀರಿಂಗ್ ಕೊಟ್ಟದ್ದು ಖಾಲಿ ಬರುವಾಗ, ಗುಂಡ್ಲುಪೇಟೆಯಿಂದ ಈಚೆಗಿನ ನೇರ ರಸ್ತೆಯಲ್ಲಿ. ಕಲಿಸುವ ಕ್ರಮ ಅದೇ ಸರಿ. ಲೋಡಿನ ಗಾಡಿಯನ್ನು ಹೊಸಬನಿಗೆ ಕೊಟ್ಟು ಒಂಟಿಯಾಗಿ ಘಾಟಿಗೆ ಕಳುಹಿಸುವ ಮಾಲೀಕ ಸಿಕ್ಕರೆ, ಎಷ್ಟು ಸಂಬಳ ಹೇಳಿದರೂ ಒಪ್ಪಬೇಡಿ.

ಕೆಲಸ ಒಪ್ಪುವ ಮುನ್ನ ಹಣದ ಮಾತನ್ನು ಬಿಚ್ಚಿ ಆಡಿ. ಸಂಬಳ ಎಷ್ಟು, ಟ್ರಿಪ್ ಬ್ಯಾಟಾ (ದಾರಿ ಖರ್ಚಿನ ಭತ್ಯೆ) ಎಷ್ಟು, ಹಮಾಲಿ ಮತ್ತು ಪಂಕ್ಚರ್ ಖರ್ಚು ಯಾರದು, ಸರಕು ಕಡಿಮೆ ಬಂದರೆ ಯಾರ ಲೆಕ್ಕಕ್ಕೆ? ಓವರ್‌ಲೋಡ್ ದಂಡದ ಬಗ್ಗೆ ಖಂಡಿತ ಕೇಳಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದು 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000. ಮೊದಲು ಹೋದ ಒಂದು ಕಡೆ ಲೈಸೆನ್ಸ್‌ನ ಅಸಲು ಕಾರ್ಡನ್ನು ಕಚೇರಿಯಲ್ಲಿ ಇಡು ಎಂದರು. ನಾನು ಕೊಡದೆ ಎದ್ದು ಬಂದೆ. ಕಾರ್ಡು ಅವರ ಬೀರುವಿನಲ್ಲಿದ್ದರೆ ಸಂಬಳ ಬಾಕಿ ಉಳಿದಾಗ ಕೆಲಸ ಬಿಡುವ ಸ್ವಾತಂತ್ರ್ಯವೂ ಅಲ್ಲೇ ಉಳಿಯುತ್ತದೆ. ಜೆರಾಕ್ಸ್ ಕೊಡಿ, ಸಾಕು. ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಮುಂದೆ ಯಾರಾದರೂ ಅನುಭವಕ್ಕೆ ದಾಖಲೆ ಕೇಳಿದಾಗ ನಾನು ತೋರಿಸಿದ್ದು ಆ ಪಾಸ್‌ಬುಕ್ಕನ್ನೇ.

ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ಹತ್ತು ಚಕ್ರದ ಲಾರಿ ಓಡಿಸುತ್ತಿದ್ದೇನೆ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸಲು ಅಪಾಯಕಾರಿ ಸರಕಿನ ತರಬೇತಿ ಪಡೆದು ಲೈಸೆನ್ಸ್‌ನಲ್ಲಿ ನಮೂದಿಸಿಕೊಳ್ಳಬೇಕು. ಅದಕ್ಕೆ ಹೆಸರು ಕೊಟ್ಟಿದ್ದೇನೆ.